ಸಂತನನ್ನು ಬೆಟ್ಟ ಅಂತ ಕರೆದ ಹಾಡು: ಒಂದು ಸಿಡಿ ರಿವ್ಯೂ

ಹಿಲ್ಡೆಗಾರ್ಡ್ ಅನ್ನುವ ಜರ್ಮನಿಯ ಸನ್ಯಾಸಿನಿಯ ಲ್ಯಾಟಿನ್ ಹಾಡುಗಳ ಸಿಡಿ ತರಿಸಿದೆ. ಅಂಚೆ ಖರ್ಚು ಸೇರಿ 1,400 ರೂಪಾಯಿ. ಮಡಿಕೇರಿಗೆ ಬರಲು ಮೂರು ವಾರ ಹಿಡಿಯಿತು, ಡಬ್ಬಿಯ ಮೂಲೆ ಒಡೆದಿತ್ತು. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಾರಣ ಆರನೇ ಹಾಡು.

ಅದು 'ಓ ವಿರಿದಿತಾಸ್ ದಿಗಿತಿ ದೇಯಿ'. ಸಂತ ದಿಸಿಬೋದ್ ಮೇಲಿನ ಹಾಡು. ಅವರು ಐರ್ಲೆಂಡಿನಿಂದ ಬಂದು ಜರ್ಮನಿಯ ಒಂದು ಬೆಟ್ಟದಲ್ಲಿ ನೆಲೆಸಿದರು ಅಂತ ಕಥೆ ಇದೆ. ನಾಹೆ, ಗ್ಲಾನ್ ಅನ್ನುವ ಎರಡು ನದಿ ಸೇರುವ ಜಾಗ, ನಮ್ಮ ಭಾಗಮಂಡಲದ ಹಾಗೆ. ಬೆಟ್ಟಕ್ಕೂ ಅವರದೇ ಹೆಸರು, ದಿಸಿಬೋದೆನ್‌ಬೆರ್ಗ್. ಹಿಲ್ಡೆಗಾರ್ಡ್ ಅಲ್ಲಿನ ಮಠ ಸೇರಿದ್ದು 1112ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. 1150ರ ಸುಮಾರಿಗೆ, ಮಠದ ಹಿರಿಯ ಕುನೊ ಬೇಡ ಅಂದರೂ, ಜೊತೆಯ ಸನ್ಯಾಸಿನಿಯರನ್ನು ಕರೆದುಕೊಂಡು ಬಿಂಗೆನ್ ಹತ್ತಿರ ಬೇರೆ ಮಠ ಕಟ್ಟಿದರು. ಮುಂದೆ ಅದೇ ಕುನೊ ನಮ್ಮ ಸಂತನ ಬಗ್ಗೆ ಏನಾದರೂ ಕಳಿಸಿ ಅಂತ ಕೇಳಿದಾಗ ಹಾಡು ಬರೆದು ಕಳಿಸಿದರು. ಮಾತು, ರಾಗ ಎರಡೂ ಅವರದೇ. ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲ ಮನೆಯಿಂದ ಬೇರೆಯಾಗಿ ಬಂದವರೂ ಕುಲದ ಮೂಲಪುರುಷನಾದ ಕಾರಣವನಿಗೆ ಕೈ ಮುಗಿಯುವುದನ್ನು ಬಿಡುವುದಿಲ್ಲ ಅಲ್ವಾ, ನನಗೆ ಅದೇ ನೆನಪಾಯಿತು.

ಹಾಡಿನ ಅರ್ಥ ತಿಳಿದ ಮೇಲಂತೂ ಸುಮ್ನೆ ಕೂತುಬಿಟ್ಟೆ. ದೇವರ ಬೆರಳಿನ ಹಸಿರೇ, ನಿನ್ನಲ್ಲಿ ದೇವರು ಒಂದು ತೋಟ ಮಾಡಿದ, ಅದು ಎತ್ತರದಲ್ಲಿ ಕಂಬದ ಹಾಗೆ ಹೊಳೆಯುತ್ತದೆ ಅಂತ ಶುರು. ಅಲ್ಲಿರುವ ಲ್ಯಾಟಿನ್ ಪದ 'ಪ್ಲಾಂತಾತಿಯೋ', ನಾವು ದಿನಾ ಹೇಳುವ ಪ್ಲಾಂಟೇಶನ್ ಅದರಿಂದಲೇ ಬಂದದ್ದು. ಆಮೇಲೆ ಬೆಟ್ಟವನ್ನೇ ಮಾತಾಡಿಸುತ್ತಾರೆ: ಊರು ಬಿಟ್ಟು ಬಂದವನ ಹಾಗೆ ದೂರದಲ್ಲಿ ನಿಂತಿದ್ದೀಯ, ಆದರೆ ಆಯುಧ ಹಿಡಿದವನಿಗೂ ನಿನ್ನನ್ನು ಕಿತ್ತುಕೊಳ್ಳಲು ಆಗುವುದಿಲ್ಲ. ಇಲ್ಲಿ ಸಂತ ಯಾರು, ಬೆಟ್ಟ ಯಾವುದು, ಮಠ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಕಾಫಿ ತೋಟದ ನಡುವೆ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಒಬ್ಬರು ಹಾಡುತ್ತಾರೆ, ಆಮೇಲೆ ಎಲ್ಲರೂ ಸೇರಿ ಮೊದಲಿನ ಸಾಲಿನ ಕೊನೆಯ ಭಾಗವನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಕೊಡವ ಹಾಡಿನಲ್ಲಿ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ಇಬ್ಬರು ಹೇಳಿ ಇಬ್ಬರು ತಿರುಗಿ ಹೇಳುವುದನ್ನು ಕೇಳಿದವರಿಗೆ ಈ ಕೊಡು ಕೊಳ್ಳುವಿಕೆ ಹೊಸದಲ್ಲ. ಆದರೆ ತಾಳ ಇಲ್ಲ. ಬೈಲಕುಪ್ಪೆಯ ಲಾಮಾಗಳ ತಗ್ಗು ದನಿಯ ಮಂತ್ರದ ಹಾಗೂ ಇಲ್ಲ. ಹೆಂಗಸರ ದನಿ ಒಂದೊಂದು ಅಕ್ಷರವನ್ನು ಎಳೆದುಕೊಂಡು ಮೇಲೆ ಹೋಗುತ್ತದೆ, ಮತ್ತೆ ನಿಧಾನಕ್ಕೆ ಇಳಿಯುತ್ತದೆ.

ಒಂದು ಸ್ಟಾರ್ ಕಳೆದದ್ದು ಯಾಕೆ ಅಂದರೆ, ಎರಡನೇ ಮತ್ತು ಒಂಬತ್ತನೇ ಹಾಡಿಗೆ ಹಿಂದೆ ತಂಬೂರಿಯಂಥ ಶ್ರುತಿ ಹಾಕಿದ್ದಾರೆ. ಹಳೆಯ ಕೈಬರಹದ ಪ್ರತಿಗಳಲ್ಲಿ ಸ್ವರ ಮಾತ್ರ ಇದೆ, ವಾದ್ಯ ಬರೆದಿಲ್ಲ. ಅದು ಈಗಿನವರು ಸೇರಿಸಿದ್ದು. ದನಿಗಿಂತ ಅದೇ ಜಾಸ್ತಿ ಕೇಳಿಸುತ್ತದೆ. ಪುಸ್ತಿಕೆಯ ಅಕ್ಷರವೂ ತೀರಾ ಸಣ್ಣದು, ಅಮ್ಮನ ಕನ್ನಡಕ ತೆಗೆದುಕೊಂಡು ಓದಿದೆ.

ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆ ಶೀಟಿನ ಮೇಲೆ ಬೀಳುವಾಗ ಹಾಕಬೇಡಿ. ಮೊದಲ ಸಲ ನಾನು ಹಾಗೆ ಮಾಡಿ ಅರ್ಧ ಹಾಡು ಕಳೆದುಕೊಂಡೆ. ಮಳೆ ನಿಂತು, ಸಿಲ್ವರ್ ಮರದಿಂದ ಹನಿ ಬೀಳುವುದಷ್ಟೇ ಉಳಿದಾಗ ಹಾಕಿ, ಎರಡು ಸಾಲಿನ ನಡುವೆ ಅವರು ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ.