ಟ್ರಾವೆಲ್ ಟ್ರ್ಯಾಕಿಂಗ್ ಸೇವೆ: ಕೋವಿಡ್ ಕಾಲದಲ್ಲಿ ಕೈಹಿಡಿದದ್ದೆಷ್ಟು, ಕೈಕೊಟ್ಟದ್ದೆಷ್ಟು?

ಹೊರದೇಶಗಳಲ್ಲಿ ನೌಕರರಿರುವ ದೊಡ್ಡ ಕಂಪನಿಗಳು ಟ್ರಾವೆಲ್ ಟ್ರ್ಯಾಕಿಂಗ್ ಮತ್ತು ತುರ್ತು ನೆರವಿನ ಸೇವೆಗೆ ವರ್ಷವರ್ಷವೂ ಚಂದಾ ಕಟ್ಟುತ್ತವೆ. ಅದಕ್ಕೆ ಸಿಗುವುದು ಯಾರು ಎಲ್ಲಿದ್ದಾರೆಂದು ತೋರಿಸುವ ನಕ್ಷೆ, ಎಚ್ಚರಿಕೆ ಸಂದೇಶಗಳು ಮತ್ತು ಹಗಲಿರುಳೂ ನಡೆಯುವ ವೈದ್ಯಕೀಯ ಸಹಾಯವಾಣಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಘೋಷಿಸಿದ ಮೇಲೆ ಈ ಮೂರರ ಬಂಡವಾಳವೂ ಬಯಲಾಯಿತು. ಮಾರಾಟದವರು ಮೊದಲು ತೋರಿಸುವುದು ನಕ್ಷೆ. ಅತಿ ದುರ್ಬಲವೂ ಅದೇ.

ನಕ್ಷೆಯ ಚುಕ್ಕೆಗಳಿಗೆ ಮೂಲ ಟ್ರಾವೆಲ್ ಏಜೆನ್ಸಿಯ ಬುಕಿಂಗ್. ನೌಕರರು ಸ್ವಂತವಾಗಿ ಏರ್‌ಲೈನ್ ವೆಬ್‌ಸೈಟಿನಲ್ಲಿ ಟಿಕೆಟ್ ತೆಗೆದರೆ, ಗಡಿ ದಾಟಿ ಕಾರಿನಲ್ಲಿ ಹೋದರೆ ಚುಕ್ಕೆಯೇ ಮೂಡುವುದಿಲ್ಲ. ವಿಮಾನ ರದ್ದಾಗಿಯೂ ಬುಕಿಂಗ್ ತಿದ್ದದೆ ಉಳಿದರೆ ಹೋಟೆಲಿನಲ್ಲೇ ಸಿಕ್ಕಿಬಿದ್ದವರನ್ನು ವ್ಯವಸ್ಥೆ ‘ಮರಳಿದ್ದಾರೆ’ ಎಂದು ತೋರಿಸುತ್ತದೆ. ಎರಡು ವರ್ಷದ ಅಸೈನ್‌ಮೆಂಟ್ ಮೇಲೆ ಹೋದವರ ಪಾಡು ಇನ್ನೂ ವಿಚಿತ್ರ: ಒಂದೇ ಕಡೆಯ ಟಿಕೆಟ್, ಅದೂ ಹಳೆಯದು. ಹೆಂಡತಿ, ಗಂಡ, ಮಕ್ಕಳ ಹೆಸರಂತೂ ಬಹಳಷ್ಟು ಕಡೆ ದಾಖಲೆಯಲ್ಲೇ ಇರುವುದಿಲ್ಲ. ಸಂದೇಶ ಕಳಿಸಿ ‘ಕ್ಷೇಮವೇ?’ ಎಂದು ಕೇಳೋಣವೆಂದರೆ ಹೋದವರು ಅಲ್ಲಿನ ಸಿಮ್ ಹಾಕಿಕೊಂಡಿರುತ್ತಾರೆ, ಸಂದೇಶ ಹಳೆಯ ನಂಬರಿಗೆ ಹೋಗಿರುತ್ತದೆ.

ಇದಕ್ಕೆ ಫೋನಿನ ಜಿಪಿಎಸ್ ಪರಿಹಾರವಲ್ಲ. ಯುರೋಪಿನ ದತ್ತಾಂಶ ಕಾನೂನಿನಡಿ ಮಾಲೀಕರಿಗೆ ನೌಕರರು ಕೊಡುವ ಒಪ್ಪಿಗೆಯನ್ನು ಸಾಮಾನ್ಯವಾಗಿ ಸ್ವಇಚ್ಛೆಯದೆಂದು ಎಣಿಸುವುದಿಲ್ಲ, ಹಾಗಾಗಿ ಆ ಒಪ್ಪಿಗೆಯನ್ನು ನಂಬಿ ಫೋನ್ ಹಿಂಬಾಲಿಸುವಂತಿಲ್ಲ. ಸರಳ ಉಪಾಯವೇ ಹೆಚ್ಚು ಕೆಲಸಕ್ಕೆ ಬರುತ್ತದೆ: ಬಿಕ್ಕಟ್ಟಿನ ಕಾಲದಲ್ಲಿ ವಾರಕ್ಕೊಮ್ಮೆ ನೌಕರರೇ ತುಂಬುವ ನಾಲ್ಕು ಸಾಲಿನ ಫಾರ್ಮ್. ಇರುವ ದೇಶ ಮತ್ತು ಊರು, ವೀಸಾ ಮುಗಿಯುವ ದಿನ, ಜೊತೆಗಿರುವವರು, ಈಗ ಸಿಗುವ ಫೋನ್ ನಂಬರ್. ಈ ಫಾರ್ಮ್ ನೇರವಾಗಿ ನಕ್ಷೆಗೆ ಸೇರುತ್ತದೆಯೇ ಎಂದು ಡೆಮೊದಲ್ಲೇ ಕೇಳಿ. ಸೇರದಿದ್ದರೆ ಎಕ್ಸೆಲ್ ಹಾಳೆಗೂ ಆ ನಕ್ಷೆಗೂ ಹೆಚ್ಚು ವ್ಯತ್ಯಾಸವಿಲ್ಲ.

ಯಾರು ಯಾವ ದೇಶದಲ್ಲಿ ಎಷ್ಟು ದಿನ ಇದ್ದರೆಂದು ಲೆಕ್ಕ ಇಡುವ ಸೌಲಭ್ಯಕ್ಕೆ ಹೆಚ್ಚುವರಿ ಹಣ ಕೇಳಿದರೂ ಕೊಡಬಹುದು. ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಮಾದರಿ ತೆರಿಗೆ ಒಪ್ಪಂದದಲ್ಲಿ ಕೆಲಸ ಮಾಡಿದ ದೇಶದ ತೆರಿಗೆಯಿಂದ ವಿನಾಯಿತಿ ಸಿಗಲು ಅಲ್ಲಿನ ವಾಸ 12 ತಿಂಗಳ ಅವಧಿಯಲ್ಲಿ 183 ದಿನ ಮೀರಬಾರದು. ಇಳಿದ ದಿನ, ಹೊರಟ ದಿನ, ಶನಿವಾರ, ಭಾನುವಾರ ಎಲ್ಲವೂ ಎಣಿಕೆಗೆ ಸೇರುತ್ತವೆ. ಸಂಬಳ ಕೊಡುವವರು ಆ ದೇಶದ ನಿವಾಸಿಯಾಗಿರಬಾರದು, ಸಂಬಳದ ಹೊರೆ ಅಲ್ಲಿನ ಶಾಖೆಯ ಮೇಲೂ ಬೀಳಬಾರದು ಎಂಬ ಷರತ್ತುಗಳೂ ಇವೆ. ಬರೀ ದಿನ ಎಣಿಸುವ ಸಾಫ್ಟ್‌ವೇರ್ ಇವನ್ನು ನೋಡುವುದಿಲ್ಲ. ಸಿಕ್ಕಿಬಿದ್ದ ದಿನಗಳಿಗೆ ಕೆಲವು ದೇಶಗಳು ರಿಯಾಯಿತಿ ಕೊಟ್ಟವು. ಅಮೆರಿಕದ ತೆರಿಗೆ ಇಲಾಖೆ 2020ರಲ್ಲಿ ಅರ್ಹರಿಗೆ ಸತತ 60 ದಿನಗಳವರೆಗೆ ಲೆಕ್ಕದಿಂದ ಬಿಡಲು ಅವಕಾಶ ಮಾಡಿತು. ಹೀಗಾಗಿ ದಿನದ ಪಕ್ಕದಲ್ಲಿ ಕಾರಣವನ್ನೂ, ರದ್ದಾದ ಟಿಕೆಟ್‌ನಂಥ ಪುರಾವೆಯನ್ನೂ ಇಡುವ ಅಂಕಣ ಬೇಕೇ ಬೇಕು.

ಸಹಾಯವಾಣಿಗೆ ಮಾತ್ರ ಒಳ್ಳೆಯ ಅಂಕ. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆ, ಎಲ್ಲಿ ಭಾಷೆ ಬಲ್ಲ ವೈದ್ಯರಿದ್ದಾರೆ ಎಂದು ಹುಡುಕಿಕೊಡುವುದು, ಹಣ ಕಟ್ಟುವ ಖಾತರಿ ಪತ್ರ ಕಳಿಸುವುದು ಒಬ್ಬ ಎಚ್‌ಆರ್ ಮ್ಯಾನೇಜರ್ ಕೈಲಾಗುವ ಕೆಲಸವಲ್ಲ. ಆದರೆ ಒಪ್ಪಂದ ಓದಿ. ಚಂದಾ ಸಾಮಾನ್ಯವಾಗಿ ಸಲಹೆಗೆ ಮಾತ್ರ. ಚಿಕಿತ್ಸೆ, ಏರ್ ಆಂಬ್ಯುಲೆನ್ಸ್‌ಗಳ ಬಿಲ್ ಬೇರೆ. ಆ ಬಿಲ್ ವಿಮೆಯವರಿಗೆ ಹೋಗಬೇಕೆಂದರೆ ಪಾಲಿಸಿಯಲ್ಲಿ ಸಾಂಕ್ರಾಮಿಕವನ್ನು ಹೊರಗಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ‘ಎಲ್ಲಿಂದಲಾದರೂ ಕರೆತರುತ್ತೇವೆ’ ಎಂಬ ಭರವಸೆಯನ್ನು ಅಕ್ಷರಶಃ ನಂಬಬೇಡಿ: ಸೋಂಕಿತರನ್ನು ಸಾಗಿಸಲು ಐಸೊಲೇಷನ್ ವ್ಯವಸ್ಥೆ ಇರುವ ವಿಮಾನ ಬೇಕು, ಇಳಿಯುವ ದೇಶದ ಅನುಮತಿಯೂ ಬೇಕು. ಗಡಿ ಮುಚ್ಚಿದಾಗ ಹಣಕ್ಕೆ ಸಿಗದಿದ್ದದ್ದು ಈ ಅನುಮತಿಯೇ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿಸಿ. ವಿದೇಶದಲ್ಲಿರುವ ನಿಮ್ಮ ಹತ್ತು ನೌಕರರ ಹೆಸರು ಕೊಟ್ಟು, ಇವತ್ತು ಅವರೆಲ್ಲಿದ್ದಾರೆ ಎಂದು ವ್ಯವಸ್ಥೆಯನ್ನು ಕೇಳಿ. ಆಮೇಲೆ ಹತ್ತೂ ಜನಕ್ಕೆ ಫೋನ್ ಮಾಡಿ ತಾಳೆ ನೋಡಿ.