ಗಿಟ್‌ಹಬ್ ಆಕ್ಷನ್ಸ್ ವಿಮರ್ಶೆ: ತೋಟದ ಮಳೆ ಲೆಕ್ಕ ಎಲ್ಲ ಯಂತ್ರದಲ್ಲೂ ಒಂದೇ ಬರಬೇಕಾದರೆ

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇವತ್ತಿಗೂ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲೇ ಬರೆದಿಡುತ್ತಾರೆ. ಅದಕ್ಕೆಂದು ಸಿ ಭಾಷೆಯಲ್ಲಿ ಒಂದು ಓಪನ್ ಸೋರ್ಸ್ ಪ್ರೋಗ್ರಾಂ ಬರೆದರೆ, ಅದು ಮೂಡಿಗೆರೆಯ ತೋಟದ ಆಫೀಸಿನ ವಿಂಡೋಸ್‌ನಲ್ಲೂ ಓಡಬೇಕು, ಕಾಲೇಜು ಲ್ಯಾಬಿನ ಉಬುಂಟುವಿನಲ್ಲೂ ಓಡಬೇಕು, ಮಳೆಮಾಪಕಕ್ಕೆ ಜೋಡಿಸಿದ ರಾಸ್ಪ್‌ಬೆರಿ ಪೈನಲ್ಲೂ ಓಡಬೇಕು. ಕೋಡ್ ತಿದ್ದಿದಾಗಲೆಲ್ಲ ಹಳೆಯ ಲೆಕ್ಕ ಎಲ್ಲ ಕಡೆಯೂ ಮೊದಲಿನಂತೆಯೇ ಬರುತ್ತಿದೆಯೇ ಎಂದು ನೋಡುವುದೇ ರಿಗ್ರೆಷನ್ ಟೆಸ್ಟ್. ಇಷ್ಟು ಬಗೆಯ ಯಂತ್ರಗಳನ್ನು ಕೊಂಡಿಡಲಾಗದವರಿಗೆ, ಕೋಡನ್ನು ತನ್ನ ಯಂತ್ರಗಳಲ್ಲಿ ತಾನಾಗಿಯೇ ಓಡಿಸಿ ಪರೀಕ್ಷಿಸುವ ಗಿಟ್‌ಹಬ್ ಆಕ್ಷನ್ಸ್ ಸೇವೆ ದೊಡ್ಡ ಆಸರೆ. ಆದರೆ ಹೊಂದಿಸುವುದನ್ನು ಹೊಂದಿಸದೆ 'ಪಾಸು' ಎನ್ನುವ ಅದರ ಹಸಿರು ಟಿಕ್ಕನ್ನು ನಂಬಬಾರದು.

ಪಬ್ಲಿಕ್ ರೆಪೊಸಿಟರಿಗೆ (ಎಲ್ಲರಿಗೂ ಕಾಣುವ ಕೋಡ್ ಸಂಗ್ರಹ) ಮಾಮೂಲಿ ರನ್ನರ್‌ಗಳು, ಅಂದರೆ ಟೆಸ್ಟ್ ಓಡುವ ಗಿಟ್‌ಹಬ್ ಯಂತ್ರಗಳು, ಉಚಿತ. ಲಿನಕ್ಸ್, ವಿಂಡೋಸ್‌ಗೆ 4 ಕೋರ್, 16 ಜಿಬಿ ರ‍್ಯಾಮ್ ಸಿಗುತ್ತದೆ. ಒಂದು ಜಾಬ್ (ಒಂದು ಯಂತ್ರದಲ್ಲಿನ ಒಂದು ಓಟ) 6 ಗಂಟೆಯವರೆಗೆ ಓಡಬಹುದು. ಸಣ್ಣ ತಂಡಕ್ಕೆ ಇದು ಧಾರಾಳವಾಗಿ ಸಾಕು.

ಯಾವ ಯಾವ ಯಂತ್ರಗಳಲ್ಲಿ, ಹೇಗೆ ಓಡಿಸಬೇಕೆಂಬ ಪಟ್ಟಿಯಾದ ಮ್ಯಾಟ್ರಿಕ್ಸ್ ಬರೆಯುವಾಗ 'ಲೇಟೆಸ್ಟ್' ಹಾಕಬೇಡಿ, 'ಉಬುಂಟು-24.04' ಎಂದೇ ನಮೂದಿಸಿ. ಲೇಟೆಸ್ಟ್ ಯಾವತ್ತೋ ಮುಂದಿನ ಆವೃತ್ತಿಗೆ ಜಿಗಿದು ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಬದಲಾದರೆ, ತಪ್ಪು ನಿಮ್ಮ ಕೋಡಿನದೋ ಅವರ ಇಮೇಜಿನದೋ (ಯಂತ್ರದಲ್ಲಿ ಮೊದಲೇ ತುಂಬಿಟ್ಟ ತಂತ್ರಾಂಶಗಳ ಕಟ್ಟು) ತಿಳಿಯದೆ ಹುಡುಕಾಡಬೇಕಾಗುತ್ತದೆ. 'ಫೇಲ್-ಫಾಸ್ಟ್' ಅನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಒಂದು ಜಾಬ್ ಬಿದ್ದ ಕೂಡಲೇ ಉಳಿದವೆಲ್ಲ ರದ್ದಾಗುತ್ತವೆ. ಎಲ್ಲೆಲ್ಲಿ ಬಿತ್ತು, ಎಲ್ಲೆಲ್ಲಿ ಉಳಿಯಿತು ಎಂಬುದೇ ಮುಖ್ಯ ಸುಳಿವು, ಅದೇ ಕೈತಪ್ಪುತ್ತದೆ. ಜಿಸಿಸಿ 13, 14 ಮತ್ತು ಕ್ಲ್ಯಾಂಗ್ 18 ಕಂಪೈಲರ್‌ಗಳು ಉಬುಂಟು-24.04 ಇಮೇಜಿನಲ್ಲೇ ಇವೆ. ಜಿಸಿಸಿ 15 ಬೇಕಿದ್ದರೆ ಡಾಕರ್ ಕಂಟೇನರ್ (ಬೇಕಾದ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಪೊಟ್ಟಣ) ಹಾಕಿಕೊಳ್ಳಿ, ಖಂಡಿತ ಹಾಕಿಕೊಳ್ಳಿ. ಯಾವ ಆವೃತ್ತಿ ಎಂದು ನಾವು ಹೇಳದಿದ್ದರೆ ಜಿಸಿಸಿ 15 ಕೋಡನ್ನು ಸಿ ಭಾಷೆಯ ಹೊಸ ಮಾನದಂಡವಾದ ಸಿ23 ಎಂದೇ ಓದುತ್ತದೆ. ಸಿ23ರಲ್ಲಿ ಭಾಷೆಯ ಸ್ವಂತ ಪದವಾದ 'ಬೂಲ್' ಎಂಬ ಹೆಸರನ್ನು ತಾವೇ ಟೈಪ್‌ಡೆಫ್ ಮಾಡಿಕೊಂಡ (ಹೊಸದಾಗಿ ಹುಟ್ಟಿಸಿಕೊಂಡ) ಹಳೆಯ ಕೋಡ್ ಅಲ್ಲಿ ಕಂಪೈಲೇ ಆಗುವುದಿಲ್ಲ. ಪ್ರತಿ ಕಂಪೈಲರಿಗೂ ಆಪ್ಟಿಮೈಸೇಷನ್ (ಕೋಡನ್ನು ವೇಗಗೊಳಿಸುವ ಮಾರ್ಪಾಡು) ಇಲ್ಲದೆ ಒಮ್ಮೆ, ಓ2 ಮಟ್ಟದಲ್ಲಿ ಒಮ್ಮೆ ಓಡಿಸಿ.

ಈ ಸೇವೆಯಲ್ಲಿ ನಮ್ಮ ಕೆಲಸಕ್ಕೆ ಅತಿ ಬೆಲೆಬಾಳುವುದು ಲಿನಕ್ಸ್ ಆರ್ಮ್ ರನ್ನರ್ (ಇಂಟೆಲ್ ಬದಲು ಆರ್ಮ್ ಬಗೆಯ ಚಿಪ್ಪಿನ ಯಂತ್ರ). ಮ್ಯಾಕ್ ರನ್ನರೂ ಆರ್ಮ್ ಚಿಪ್ಪೇ, ಅದೊಂದಿದ್ದರೆ ಸಾಲದೇ ಎಂದರೆ ಸಾಲದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಕಳಸ' ಎಂಬ ಊರ ಹೆಸರಿನ ಪ್ರತಿ ಅಕ್ಷರವೂ 3 ಬೈಟ್, ಮೊದಲ ಬೈಟ್ ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ಇ0. ಬೈಟ್ ಸೊನ್ನೆಗಿಂತ ಕಡಿಮೆ ಇದ್ದರೆ ಅದು ಕನ್ನಡ ಎಂದು ಯಾರಾದರೂ ಬರೆದಿದ್ದರೆ ಇಂಟೆಲ್‌ನಲ್ಲಿ ಟೆಸ್ಟ್ ಪಾಸು, ಏಕೆಂದರೆ ಅಲ್ಲಿ 'ಚಾರ್' (ಒಂದು ಬೈಟ್ ಹಿಡಿಯುವ ಸಿ ಬಗೆ) ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಇ0 ಋಣವಾಗಿಯೇ ಕಾಣುತ್ತದೆ. ಮ್ಯಾಕ್‌ನಲ್ಲೂ ಹಾಗೆಯೇ. ಲಿನಕ್ಸ್ ಆರ್ಮ್‌ನಲ್ಲಿ ಮಾತ್ರ 'ಚಾರ್' ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ್ದು), ಆ ಷರತ್ತು ಎಂದೂ ನಿಜವಾಗದು, ಊರಿನ ಹೆಸರು ಕೆಡುತ್ತದೆ. ರಾಸ್ಪ್‌ಬೆರಿ ಪೈ ಇರುವುದೂ ಅದೇ ಗುಂಪಿನಲ್ಲಿ. ಬೈಟ್‌ಗಳಿಗೆ 'ಅನ್‌ಸೈನ್ಡ್ ಚಾರ್' ಎಂದೇ ಬರೆಯುವುದು ಪರಿಹಾರ.

ದಶಮಾಂಶದ ಗೊಂದಲವೂ ಆರ್ಮ್‌ನಲ್ಲೇ ಹೊರಬೀಳುತ್ತದೆ. ಸೆಂಟನ್ನು 0.254ರಿಂದ ಗುಣಿಸಿ ಮಿಲಿಮೀಟರ್ ಮೊತ್ತಕ್ಕೆ ಕೂಡಿಸುವ ಸಾಲನ್ನು 64 ಬಿಟ್ ಆರ್ಮ್‌ಗೆ ಜಿಸಿಸಿ, ಕ್ಲ್ಯಾಂಗ್ ಕಂಪೈಲರ್‌ಗಳು ಓ2 ಮಟ್ಟದಲ್ಲಿ ಸಾಮಾನ್ಯವಾಗಿ ಗುಣಾಕಾರ, ಸಂಕಲನ ಎರಡನ್ನೂ ಒಂದೇ ಸೂಚನೆಯಲ್ಲಿ ಮುಗಿಸುತ್ತವೆ. ಹಾಗಾಗಿ ದುಂಡಾಗುವುದು ಒಮ್ಮೆ ಮಾತ್ರ. ಸಾಮಾನ್ಯ ಇಂಟೆಲ್ ಬಿಲ್ಡ್‌ನಲ್ಲಿ ಎರಡು ಸಲ. ಕೊನೆಯ ಅಂಕಿ ಬೇರೆ ಬಂದು ಟೆಸ್ಟ್ ಬೀಳಬಹುದು. ನಿರೀಕ್ಷಿತ ಫಲಿತಾಂಶವನ್ನು ಪ್ಲಾಟ್‌ಫಾರ್ಮಿಗೊಂದರಂತೆ ಇಡುವ ಗೋಜಿಗೆ ಹೋಗಬೇಡಿ. ಸೆಂಟನ್ನು ಪೂರ್ಣಾಂಕವಾಗಿಯೇ ಕೂಡಿಸಿ, ಮಿಲಿಮೀಟರಿಗೆ ಕೊನೆಯಲ್ಲಿ ಒಮ್ಮೆ ಬದಲಿಸಿ.

ವಿಂಡೋಸ್ ರನ್ನರ್‌ನಲ್ಲಿ ಚೆಕ್‌ಔಟ್ ಆಗುವಾಗಲೇ (ಕೋಡ್ ಇಳಿಸಿಕೊಳ್ಳುವಾಗಲೇ) ಗಿಟ್ ಪ್ರತಿ ಸಾಲಿನ ಕೊನೆಗೆ ಇನ್ನೊಂದು ಬೈಟ್ ಸೇರಿಸುತ್ತದೆ, ಹೋಲಿಕೆ ತಪ್ಪುತ್ತದೆ. ಹೋಲಿಸುವ ಕಡತಗಳಿಗೆ 'ಗಿಟ್‌ಆಟ್ರಿಬ್ಯೂಟ್ಸ್'ನಲ್ಲಿ ಎಲ್‌ಎಫ್ (ಒಂದೇ ಬೈಟಿನ ಸಾಲು-ಕೊನೆ) ಕಡ್ಡಾಯ ಮಾಡಿದರೆ ಆಯಿತು. 'ಲಾಂಗ್' ಎಂಬ ಪೂರ್ಣಾಂಕದ ಬಗೆ ಅಲ್ಲಿ 32 ಬಿಟ್ ಎಂಬುದನ್ನೂ ಮರೆಯುವಂತಿಲ್ಲ.

ಕೊರತೆ ಎಂದರೆ ಬಿಗ್-ಎಂಡಿಯನ್ ಯಂತ್ರ (ಸಂಖ್ಯೆಯ ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುವಂಥದ್ದು). ಮಾಮೂಲಿ ರನ್ನರ್‌ಗಳಲ್ಲಿ ಅದು ಇಲ್ಲ. ಬೇರೆ ಚಿಪ್ಪನ್ನು ಅನುಕರಿಸುವ ಕ್ಯೂಎಮು ಮೂಲಕ ಎಸ್390ಎಕ್ಸ್ (ಐಬಿಎಂ ಮೇನ್‌ಫ್ರೇಮ್ ಬಗೆಯ) ಕಂಟೇನರ್ ಓಡಿಸಬೇಕು, ಅದು ಬಹಳ ನಿಧಾನ. ಆದ್ದರಿಂದ ಕಡತ ಬರೆಯುವ, ಓದುವ ಟೆಸ್ಟುಗಳನ್ನಷ್ಟೇ ಅಲ್ಲಿಗೆ ಕಳಿಸಿ. 1 ಇಂಚು 15 ಸೆಂಟ್ ಮಳೆ ಎಂದರೆ 115. 16 ಬಿಟ್ ಸಂಖ್ಯೆಯಾಗಿ ಬರೆದ ಅದನ್ನು ಬೈಟ್ ಹಿಂದುಮುಂದಾಗಿ ಓದಿದರೆ 29,440 ಆಗುತ್ತದೆ, ಅಂದರೆ ಒಂದೇ ದಿನ 294 ಇಂಚು 40 ಸೆಂಟ್! ನಿಜವಾದ ಯಂತ್ರದಲ್ಲೇ ನೋಡಬೇಕೆಂದರೆ ನಾನಾ ಬಗೆಯ ಯಂತ್ರಗಳನ್ನು ದೂರದಿಂದಲೇ ಬಳಸಲು ಕೊಡುವ ಜಿಸಿಸಿ ಕಂಪೈಲ್ ಫಾರ್ಮ್‌ಗೆ ಅರ್ಜಿ ಹಾಕಬಹುದು. ಸ್ವತಂತ್ರ ತಂತ್ರಾಂಶ ಬರೆಯುವವರಿಗೆ ಅದೂ ಉಚಿತ.

ಪೂರ್ತಿ ಮ್ಯಾಟ್ರಿಕ್ಸನ್ನು ಪ್ರತಿ ಕಮಿಟ್‌ಗೂ (ಕೋಡ್ ತಿದ್ದಿ ಉಳಿಸಿದಾಗಲೆಲ್ಲ) ಓಡಿಸುವ ಬದಲು ರಾತ್ರಿಗಿಡಿ. ವೇಳಾಪಟ್ಟಿಯನ್ನು ಯುಟಿಸಿಯಲ್ಲಿ (ವಿಶ್ವ ಸಮಯದಲ್ಲಿ) ಬರೆದರೆ ಗೊಂದಲವಿಲ್ಲ: 20:37 ಎಂದರೆ ನಮ್ಮಲ್ಲಿ ನಸುಕಿನ 2:07. ಸರಿಯಾಗಿ ಗಂಟೆಗೆ ಇಟ್ಟರೆ ನೂಕುನುಗ್ಗಲಿನಲ್ಲಿ ತಡವಾಗಬಹುದು. ಪಬ್ಲಿಕ್ ರೆಪೊಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಈ ರಾತ್ರಿ ಓಟ ತಾನಾಗಿಯೇ ನಿಲ್ಲುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಕೋಡ್ ಮುಟ್ಟದ ತಂಡಗಳು ಮುಂಗಾರಿಗೆ ಮೊದಲು ಆಕ್ಷನ್ಸ್ ಟ್ಯಾಬಿಗೆ ಹೋಗಿ ಅದನ್ನು ಮತ್ತೆ ಎನೇಬಲ್ ಮಾಡಬೇಕು.