ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಚಿಕಿತ್ಸಾಲಯ: ಗಂಡಸರ ಖಿನ್ನತೆಯನ್ನು ಗುರುತಿಸುವ ಬಗೆ

ಕಬ್ಬು ಬೆಳೆಯುವ ನಮ್ಮ ಭಾವನವರನ್ನು ಮಂಡ್ಯ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಈ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅವರು ಹೇಳಿಕೊಂಡದ್ದು ಸೊಂಟನೋವು ಮತ್ತು ನಿದ್ದೆಗೇಡು ಮಾತ್ರ. ಮನೆಯವರು ಕಂಡದ್ದು ಸಣ್ಣದಕ್ಕೂ ರೇಗುವುದನ್ನು, ಸಂಜೆಯ ಕುಡಿತ ಹೆಚ್ಚಿದ್ದನ್ನು. ಗಂಡಸರಲ್ಲಿ ಖಿನ್ನತೆ ಅನೇಕ ಸಲ ಹೀಗೆಯೇ ಕಾಣಿಸಿಕೊಳ್ಳುವುದರಿಂದ ಅದು ಸುಲಭವಾಗಿ ಕಣ್ತಪ್ಪುತ್ತದೆ.

ಇಲ್ಲಿ ಬಳಸಿದ್ದು ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಹಿಂದಿನ ಎರಡು ವಾರಗಳ ಬಗ್ಗೆ 9 ಪ್ರಶ್ನೆಗಳು, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರ ವಿವರವಾದ ತಪಾಸಣೆ ಅಗತ್ಯ, ಆದರೆ ಅಂಕವೊಂದೇ ರೋಗನಿರ್ಣಯವಲ್ಲ. ಅದರಲ್ಲಿ ಕೋಪದ ಬಗೆಗಾಗಲಿ ಕುಡಿತದ ಬಗೆಗಾಗಲಿ ಪ್ರಶ್ನೆಯಿಲ್ಲ. ಆಪ್ತಸಮಾಲೋಚಕಿ ಅವೆರಡನ್ನೂ ತಾವಾಗಿಯೇ ಕೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಬೇಜಾರಾಗುತ್ತದೆಯೇ ಎಂದಾಗ “ಅಂಥಾದ್ದೇನಿಲ್ಲ ಮೇಡಂ” ಎಂದ ಭಾವ, “ಗದ್ದೆ ಕಡೆ ಹೋಗೋಕೆ ಮನಸ್ಸು ಬರುತ್ತಾ?” ಎಂದಾಗ ತಲೆ ತಗ್ಗಿಸಿ ಇಲ್ಲವೆಂದರು. ಸಾಯುವ ಯೋಚನೆಯ ಪ್ರಶ್ನೆಯನ್ನೂ ಅವರು ಹಾರಿಸದೆ, ಅವಸರವಿಲ್ಲದೆ ಕೇಳಿದರು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಥೈರಾಯ್ಡ್ ತೊಂದರೆಯಿಂದಲೂ ಇಂಥ ಲಕ್ಷಣಗಳು ಬರಬಹುದಾದ್ದರಿಂದ ಅದರ ಪರೀಕ್ಷೆಗೂ ಬರೆದುಕೊಟ್ಟರು.

ಕೊರತೆಯೆಂದರೆ ಬಾಗಿಲು ತೆರೆದೇ ಇತ್ತು, ಹೊರಗಿನ ಸಾಲಿಗೆ ಒಳಗಿನ ಮಾತು ಕೇಳಿಸುತ್ತಿತ್ತು. ಊರಿನವರೇ ಸಾಲಿನಲ್ಲಿರುವಾಗ ಯಾವ ಗಂಡಸು ಮನಬಿಚ್ಚಿ ಮಾತನಾಡಿಯಾನು? ಇದನ್ನು ಆಸ್ಪತ್ರೆ ಕೂಡಲೇ ಸರಿಪಡಿಸಬೇಕು. ಬರಲು ಹಿಂಜರಿಯುವವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ, ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.